ಎಕ್ಕಿ ಗಿಡದ ಹುಳ ಹತ್ತಿಗೆ ಹಾಯುತ್ತದೆಯೆ?

ಹೋದ ವರ್ಷ ಹುಬ್ಬಿ ಮಳೆ ಬಿದ್ದ ನಾಲ್ಕನೇ ದಿನ ಪಕ್ಕದ ಹೊಲದವನಿಗೂ ನನಗೂ ಒಡ್ಡಿನ ಮೇಲೆ ಮಾತಿಗೆ ಮಾತು ಬೆಳೆಯಿತು. ಒಡ್ಡು ಒತ್ತಿದ ಜಗಳ ಅಲ್ಲ. ನಮ್ಮಿಬ್ಬರ ನಡುವಿನ ಒಡ್ಡಿಗೆ ಎಕ್ಕಿ, ತಂಗಡಿ, ತುರಚಿ ಬಳ್ಳಿ, ಎರಡು ಬಾರಿ ಗಿಡ ಬೆಳೆದು ನಿಂತಿವೆ. ಅವನದು ಆ ವರ್ಷ ಪೂರಾ ಹತ್ತಿ. ನನ್ನದು ತೊಗರಿ, ನಡುವೆ ಸಜ್ಜೆ. ಅವನು ಬೆನ್ನಿಗೆ ಪಂಪು ಏರಿಸಿಕೊಂಡು ಬಂದು ನಿಂತಿದ್ದ. ಪಂಪಿನಲ್ಲಿ ಹುಲ್ಲಿನ ಎಣ್ಣೆ.

“ಕಾಕಾ, ಇದನ್ನೆಲ್ಲಾ ಸುಟ್ಟು ಬಿಡ್ತೀನಿ ನೋಡು. ಎಕ್ಕಿ ಗಿಡದ ತುಂಬ ಹುಳ ಅದಾವ. ನಾಳಿ ನನ್ನ ಹತ್ತಿಗೇ ಇಳೀತಾವ” ಅಂದ.

ಹೋಗಿ ನೋಡಿದೆ. ಹುಳ ಇದ್ದದ್ದು ನಿಜ. ಕಪ್ಪು, ಬಿಳಿ, ಹಳದಿ ಪಟ್ಟೆ, ಬೆನ್ನ ಮೇಲೆ ಮೂರು ಜೋಡಿ ಕರಿ ಕೊಂಬಿನಂಥ ಎಳೆ. ಎಲೆಗಳನ್ನು ಅಂಚಿನಿಂದ ಕತ್ತರಿಸಿ ಹಾಕಿದ್ದವು. ಅವನ ಮಾತು ತಪ್ಪು ಅನ್ನಲು ನನ್ನ ಹತ್ತಿರ ಆಧಾರ ಇರಲಿಲ್ಲ. ಸರಿ ಅಂತ ಒಪ್ಪಲು ಮನಸ್ಸೂ ಇರಲಿಲ್ಲ. ಯಾಕಂದರ ಹಿಂದೊಮ್ಮೆ ಇದೇ ಮಾತು ನಂಬಿ ನನ್ನ ಕೆಳಗಿನ ಒಡ್ಡಿಗೆ ನಾನೇ ಎಣ್ಣೆ ಹೊಡೆದಿದ್ದೆ. ಬೇರು ಸತ್ತು ಬರಿ ಮಣ್ಣಾದ ಆ ಒಡ್ಡು ಮುಂದಿನ ಮುಂಗಾರಿನ ಒಂದು ಜೋರು ಮಳೆಗೆ ಎರಡು ಕಡೆ ಒಡೆಯಿತು. ಹತ್ತಿಗೆ ಬರುವ ಹುಳ ಮಾತ್ರ ಆ ವರ್ಷವೂ ಬರುವುದು ಬಿಡಲಿಲ್ಲ.

“ಹದಿನೈದು ದಿನ ತಡಿ ತಮ್ಮಾ, ನೋಡಿ ಹೇಳ್ತೀನಿ” ಅಂದೆ. ಗೊಣಗಿಕೊಂಡು ಹೋದ.

ಆ ಹದಿನೈದು ದಿನ ನಾನು ಪಾತರಗಿತ್ತಿ ಹುಡುಕಿಕೊಂಡು ತಿರುಗಿದೆ. ಮನೆಯಲ್ಲಿ ನಕ್ಕರು. ಐವತ್ತು ದಾಟಿದವನು ಎಡೆ ಹೊಡೆಯುವುದು ಬಿಟ್ಟು ಹುಡುಗರ ಹಾಗೆ ಪಾತರಗಿತ್ತಿ ಬೆನ್ನು ಹತ್ತಿದ್ದಾನೆ ಅಂತ. ನಾನು ಹೋದದ್ದು ರೆಕ್ಕೆಯ ಚಂದ ನೋಡಲಿಕ್ಕಲ್ಲ. ಯಾವ ಹುಳ ಯಾವ ಎಲೆ ತಿನ್ನುತ್ತದೆ, ಆಮೇಲೆ ಏನಾಗುತ್ತದೆ ಅಂತ ಕಣ್ಣಾರೆ ನೋಡಲಿಕ್ಕೆ. ತಿರುಗುತ್ತಾ ತಿರುಗುತ್ತಾ ಚಂದವೂ ಕಂಡಿತು, ಅದು ಬೇರೆ ಮಾತು.

ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿದೆ. ಅಗಲ ಬಾಯಿಯ ಎರಡು ಉಪ್ಪಿನಕಾಯಿ ಬಾಟ್ಲಿ ತೊಳೆದು ಒಣಗಿಸಿದೆ. ಒಂದರಲ್ಲಿ ಎಕ್ಕಿ ಗಿಡದ ನಾಲ್ಕು ಹುಳ ಬಿಟ್ಟು ಅವನ ಹೊಲದ ಎಳೆ ಹತ್ತಿ ಎಲೆಯನ್ನೇ ಹಾಕಿ ಬಾಯಿಗೆ ಅರಿವೆ ಕಟ್ಟಿದೆ. ರಾತ್ರಿಯೆಲ್ಲಾ ಹುಳ ಗಾಜಿನ ಮೇಲೆ ಹರಿದಾಡಿದವೇ ಹೊರತು ಹತ್ತಿ ಎಲೆಗೆ ಬಾಯಿ ಇಡಲಿಲ್ಲ. ಮರುದಿನ ಮಧ್ಯಾಹ್ನ ಎಲೆ ಬಾಡಿತ್ತು, ತೂತು ಒಂದೂ ಇಲ್ಲ. ಇನ್ನು ಸತ್ತಾವು ಅಂತ ಒಂದು ಎಕ್ಕಿ ಎಲೆ ಹಾಕಿದೆ. ಹಸಿದ ಎತ್ತು ಕಣಿಕಿಗೆ ಬಾಯಿ ಹಾಕಿದ ಹಾಗೆ ಹತ್ತಿದವು.

ಇನ್ನೊಂದು ಬಾಟ್ಲಿಗೆ ಅವನ ಹತ್ತಿಯಲ್ಲೇ ಸಿಕ್ಕ ತಂಬಾಕು ಹುಳ ಹಾಕಿದೆ. ಕೃಷಿ ಇಲಾಖೆಯವರು ಸ್ಪೊಡಾಪ್ಟೆರಾ ಅನ್ನುತ್ತಾರಲ್ಲ, ಅದು. ಅದಕ್ಕೆ ಹತ್ತಿ ಎಲೆ ಹಾಕಿದೆ, ತಿಂದಿತು. ಔಡಲ ಎಲೆ ಹಾಕಿದೆ, ತಿಂದಿತು. ಶೇಂಗಾ ಸೊಪ್ಪು ಹಾಕಿದೆ, ಅದನ್ನೂ ತಿಂದಿತು. ಎಕ್ಕಿ ಎಲೆಯನ್ನು ಮಾತ್ರ ಮುಟ್ಟಲಿಲ್ಲ.

ವ್ಯತ್ಯಾಸ ಇರುವುದೇ ಇಲ್ಲಿ. ಪಾತರಗಿತ್ತಿಯ ಮರಿಹುಳಗಳಲ್ಲಿ ಬಹಳಷ್ಟಕ್ಕೆ ಒಂದು ಗಿಡ, ಇಲ್ಲವೆ ಅದೇ ಕುಲದ ನಾಲ್ಕಾರು ಗಿಡ, ಅಷ್ಟೇ ಊಟ. ಅದು ಬಿಟ್ಟರೆ ಉಪವಾಸ ಸಾಯುತ್ತದೆ, ಬೇರೆ ತಿನ್ನುವುದಿಲ್ಲ. ತಾಯಿ ಪಾತರಗಿತ್ತಿ ಮುಂಗಾಲಿನಿಂದ ಎಲೆ ಮುಟ್ಟಿ, ರುಚಿ ನೋಡಿ, ಇದು ತನ್ನ ಗಿಡ ಅಂತ ಖಾತ್ರಿ ಆದ ಮೇಲೇ ತತ್ತಿ ಇಡುತ್ತದೆ. ಕಾಲಿನಲ್ಲಿ ರುಚಿ ನೋಡುವ ಶಕ್ತಿ ಅದಕ್ಕಿದೆ. ಹತ್ತಿ, ತೊಗರಿಯನ್ನು ಹಾಳು ಮಾಡುವ ಹುಳಗಳು ಹಾಗಲ್ಲ. ಹಸಿರು ಕಾಯಿಕೊರಕ ಹತ್ತಿ, ತೊಗರಿ, ಕಡಲೆ, ಟೊಮೇಟೊ, ಸೂರ್ಯಕಾಂತಿ ಎಲ್ಲವನ್ನೂ ತಿನ್ನುತ್ತದೆ. ಅದಕ್ಕೇ ಅದು ಪೀಡೆ.

ಇನ್ನೊಂದು ಮಾತು ನಮ್ಮ ರೈತರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ಹತ್ತಿಯ ಹಸಿರು ಕಾಯಿಕೊರಕ, ಗುಲಾಬಿ ಕಾಯಿಕೊರಕ, ಚುಕ್ಕೆ ಕಾಯಿಕೊರಕ, ತಂಬಾಕು ಹುಳ ಇವು ಯಾವುವೂ ಪಾತರಗಿತ್ತಿಯ ಮಕ್ಕಳಲ್ಲ. ಎಲ್ಲಾ ಪತಂಗದ ಮಕ್ಕಳು. 2018ರಲ್ಲಿ ನಮ್ಮ ರಾಜ್ಯದಲ್ಲೇ ದೇಶಕ್ಕೆ ಮೊದಲು ಕಂಡು ಮೆಕ್ಕೆಜೋಳವನ್ನು ಹುರಿದು ಮುಕ್ಕಿದ ಫಾಲ್ ಸೈನಿಕ ಹುಳವೂ ಪತಂಗದ್ದೇ. ರಾತ್ರಿ ದೀಪಕ್ಕೆ ಬಂದು ಬೀಳುತ್ತವಲ್ಲ, ಬೂದು ಬಣ್ಣದವು, ಅವು ಪತಂಗ. ಗುರುತು ಸುಲಭ. ಪಾತರಗಿತ್ತಿ ಹಗಲು ಹಾರುತ್ತದೆ, ಅದರ ಮೀಸೆಯ ತುದಿ ಬೆಂಕಿಕಡ್ಡಿಯ ತಲೆಯಂತೆ ದಪ್ಪ. ಪತಂಗದ ಮೀಸೆ ದಾರದಂತೆ ಇಲ್ಲವೆ ಗರಿಯಂತೆ ಇರುತ್ತದೆ, ತುದಿಗೆ ಗುಂಡು ಇರುವುದಿಲ್ಲ. ಕೂತಾಗ ಪಾತರಗಿತ್ತಿ ಬಹುಮಟ್ಟಿಗೆ ಎರಡೂ ರೆಕ್ಕೆ ಬೆನ್ನ ಮೇಲೆ ಜೋಡಿಸುತ್ತದೆ, ಪತಂಗ ಗುಡಿಸಲು ಮಾಡಿನಂತೆ ಇಳಿಬಿಡುತ್ತದೆ. ಪಾತರಗಿತ್ತಿಯ ಕೋಶ ಗಿಡಕ್ಕೆ ಜೋತು ಬೀಳುತ್ತದೆ. ಹಸಿರು ಕಾಯಿಕೊರಕ, ತಂಬಾಕು ಹುಳದ ಕೋಶ ಇರುವುದು ನೆಲದೊಳಗೆ. ಮಾಗಿ ಉಳುಮೆ ಮಾಡಿದಾಗ ಬೆಳ್ಳಕ್ಕಿ, ಗೊರವಂಕ ರಂಟೆಯ ಹಿಂದೆ ಬರುವುದು ಅದಕ್ಕೇ. ಎರಿ ಹೊಲದ ಬಿರುಕಿನಲ್ಲಿ ಮಲಗಿದ ಕೋಶ ಮೇಲೆ ಬಿದ್ದರೆ ಅವಕ್ಕೆ ಹಬ್ಬ, ಉಳಿದದ್ದನ್ನು ನಮ್ಮ ರಾಯಚೂರು ಬಿಸಿಲು ನೋಡಿಕೊಳ್ಳುತ್ತದೆ.

ಈಗ ತಿರುಗಾಟಕ್ಕೆ ಬರುತ್ತೇನೆ.

ನಮ್ಮೂರು ದೇವದುರ್ಗ ತಾಲೂಕು. ನಾರಾಯಣಪುರ ಬಲದಂಡೆ ಕಾಲುವೆ ನೀರು ತಾಲೂಕಿನ ಕೆಲವು ಹಳ್ಳಿಗೆ ಬಂದಿದೆ. ನಮ್ಮ ಹೊಲ ಎತ್ತರದಲ್ಲಿದೆ, ಹಾಗಾಗಿ ಮಳೆಯೇ ಗತಿ. ಹೊಲದಿಂದ ಇಳಿದರೆ ಒಂದು ಹಳ್ಳ, ಅದು ಕೃಷ್ಣೆಗೆ ಹೋಗುತ್ತದೆ. ಹಳ್ಳ ದಾಟಿದರೆ ಮಸಾರಿ ನೆಲ, ಆಮೇಲೆ ಹಾಸುಬಂಡೆಯ ಗುಡ್ಡ. ದನ ಕಾಯುವ ಹುಡುಗನಿದ್ದಾಗ ದಿನಾ ತಿರುಗಿದ ದಾರಿ. ಆದರೆ ಆಗ ಬಾರಿ ಹಣ್ಣು ಬಿಟ್ಟು ಬೇರೇನೂ ನೋಡಿದ ನೆನಪಿಲ್ಲ.

ಹೊತ್ತು ಮುಖ್ಯ. ನಸುಕಿನಲ್ಲಿ ಹೋದರೆ ಏನೂ ಸಿಗುವುದಿಲ್ಲ. ಪಾತರಗಿತ್ತಿಗೆ ಮೈ ಬಿಸಿ ಆಗದೆ ಹಾರಲು ಬರುವುದಿಲ್ಲ. ಎಂಟು ಗಂಟೆಗೆ ಬಿಸಿಲಿಗೆ ರೆಕ್ಕೆ ಬಿಚ್ಚಿ ಕೂತಿರುತ್ತವೆ, ಆಗ ಹತ್ತಿರ ಹೋಗಿ ನೋಡಬಹುದು. ಒಂಬತ್ತರಿಂದ ಹನ್ನೊಂದರವರೆಗೆ ಒಳ್ಳೆಯ ಹೊತ್ತು. ಹನ್ನೆರಡರ ಮೇಲೆ ನಮ್ಮ ಕಡೆ ಬಿಸಿಲಿಗೆ ಅವೂ ನೆರಳು ಹಿಡಿಯುತ್ತವೆ, ನಾವೂ ಹಿಡಿಯಬೇಕು. ನಮ್ಮ ನೆರಳು ಅದರ ಮೇಲೆ ಬೀಳಬಾರದು, ಬಿದ್ದರೆ ಹಾರಿತು. ಕಾಲ ಅಂದರೆ ಹುಬ್ಬಿಯಿಂದ ದೀಪಾವಳಿ ತನಕ. ಬೇಸಿಗೆಯಲ್ಲಿ ಬಹಳ ಕಡಿಮೆ. ಮತ್ತೆ, ಹುಡುಕುವವರು ಹೂವು ನೋಡಬಾರದು, ಎಲೆ ತಿರುವಿ ನೋಡಬೇಕು. ಹೂವಿಗೆ ಅದು ಎಲ್ಲಿಂದಲೋ ಹಾರಿ ಬಂದಿರುತ್ತದೆ. ಎಲೆಯಲ್ಲಿ ತತ್ತಿಯೋ ಹುಳವೋ ಸಿಕ್ಕರೆ ಅದು ಅಲ್ಲಿಯದೇ, ಅಲ್ಲೇ ಸಂಸಾರ ಮಾಡಿದೆ ಅಂತ ಅರ್ಥ.

ನಮ್ಮ ಒಡ್ಡಿನಲ್ಲಿ ಮೊದಲು ಎಕ್ಕಿ. ಆ ಪಟ್ಟೆ ಹುಳ ಕಿತ್ತಳೆ ಬಣ್ಣದ, ರೆಕ್ಕೆಯ ತುದಿಗೆ ಕಪ್ಪು, ಕಪ್ಪಿನಲ್ಲಿ ಬಿಳಿ ಚುಕ್ಕೆ ಇರುವ ಪಾತರಗಿತ್ತಿಯ ಮಗು. ಪುಸ್ತಕದವರು ಪ್ಲೇನ್ ಟೈಗರ್ ಅನ್ನುತ್ತಾರೆ. ಅವಸರ ಇಲ್ಲದೆ ತೇಲಿಕೊಂಡು ಹಾರುತ್ತದೆ. ಯಾಕೆ ಅವಸರ ಇಲ್ಲ ಅಂದರೆ ಅದನ್ನು ಹೆಚ್ಚಿನ ಹಕ್ಕಿಗಳು ತಿನ್ನುವುದಿಲ್ಲ. ಎಕ್ಕಿ ಹಾಲು ಕಣ್ಣಿಗೆ ಬಿದ್ದರೆ ಏನಾಗುತ್ತದೆ ಅಂತ ನಮಗೆ ಗೊತ್ತು. ಆಡೂ ಅದಕ್ಕೆ ಬಾಯಿ ಹಾಕುವುದು ಅಪರೂಪ. ಆ ಹಾಲಿನ ವಿಷವನ್ನು ಹುಳ ತಿಂದು ಮೈಯಲ್ಲಿ ಇಟ್ಟುಕೊಳ್ಳುತ್ತದೆ, ಪಾತರಗಿತ್ತಿ ಆದ ಮೇಲೂ ವಿಷ ಉಳಿದಿರುತ್ತದೆ. ಒಮ್ಮೆ ತಿಂದು ವಾಂತಿ ಮಾಡಿಕೊಂಡ ಹಕ್ಕಿ ಆ ಬಣ್ಣವನ್ನು ಮರೆಯುವುದಿಲ್ಲ.

ಬಾಟ್ಲಿಯ ನಾಲ್ಕು ಹುಳದಲ್ಲಿ ಮೂರು ಮೂರನೇ ದಿನಕ್ಕೆ ಅರಿವೆಗೆ ಜೋತು ಬಿದ್ದು ಕೋಶ ಆದವು. ಎಳೆ ಹಸಿರು ಮಣಿಯಂತೆ, ಮೇಲೆ ಬಂಗಾರದ ಚುಕ್ಕೆ. ಎಂಟು ದಿನ ಕಳೆದು ಒಂದು ಮುಂಜಾನೆ ಒಡೆದು ಹೊರಬಂದವು. ತತ್ತಿಯಿಂದ ಹಿಡಿದು ರೆಕ್ಕೆ ಬರುವತನಕ ಬಿಸಿ ಹವೆಯಲ್ಲಿ ಮೂರು ನಾಲ್ಕು ವಾರ, ಅಷ್ಟೇ.

ಇದರ ಜೊತೆಗೆ ಒಂದು ಮೋಸಗಾರ ಇದೆ. ಹೊಲದಲ್ಲಿ ತಾನೇ ಹುಟ್ಟುವ ಗೋಣಿ ಪಲ್ಲೆ ನಾವು ಬೇಳೆ ಹಾಕಿ ಉಣ್ಣುತ್ತೇವಲ್ಲ, ಅದನ್ನು ತಿಂದು ಬೆಳೆಯುವ ಪಾತರಗಿತ್ತಿ ಡ್ಯಾನೈಡ್ ಎಗ್‌ಫ್ಲೈ. ಗಂಡು ಕರ್ರಗೆ, ರೆಕ್ಕೆಗೆ ದುಂಡಗೆ ಬಿಳಿ ಬೊಟ್ಟು, ಬೊಟ್ಟಿನ ಸುತ್ತ ನೀಲಿ ಮಿಂಚು. ಹೆಣ್ಣು ಮಾತ್ರ ಥೇಟ್ ಎಕ್ಕಿ ಪಾತರಗಿತ್ತಿಯಂತೆ. ಎಕ್ಕಿ ತಿಂದಿಲ್ಲ, ಮೈಯಲ್ಲಿ ಆ ವಿಷ ಇಲ್ಲ, ವೇಷ ಮಾತ್ರ ಹಾಕಿದೆ. ಹಕ್ಕಿ ಹೆದರಿ ಬಿಡುತ್ತದೆ. ಬಯಲಾಟದಲ್ಲಿ ಗಂಡಸು ಸೀರೆ ಉಟ್ಟ ಹಾಗೆ ಅಂದ ನನ್ನ ಜೊತೆ ಬಂದಿದ್ದ ಅಳಿಯ. 1972ರ ವನ್ಯಜೀವಿ ಕಾಯ್ದೆಯಲ್ಲಿ, 2022ರಲ್ಲಿ ತಿದ್ದುಪಡಿ ಆಗುವ ತನಕ, ಹುಲಿಯ ಹೆಸರಿದ್ದ ಒಂದನೇ ಪಟ್ಟಿಯಲ್ಲೇ ಇದರ ಹೆಸರೂ ಇತ್ತು. ನಾವು ಎಡೆಕುಂಟೆ ಹೊಡೆದು ಕಿತ್ತು ಎಸೆಯುವ ಗೋಣಿ ಪಲ್ಲೆಯಲ್ಲಿ ಅಂಥಾದ್ದು ಬೆಳೆಯುತ್ತದೆ ಅಂದರೆ ನಂಬಲು ನನಗೂ ಎರಡು ದಿನ ಹಿಡಿಯಿತು.

ತಂಗಡಿ ಗಿಡದಲ್ಲಿ ತಿಳಿ ಹಸಿರು ಬಿಳುಪಿನ ದೊಡ್ಡ ಪಾತರಗಿತ್ತಿ, ಕೆಳಗೆ ಹುಟ್ಟಿದ ತಗಚಿಯಲ್ಲಿ ಅಡಕೆಗಿಂತ ಸ್ವಲ್ಪ ದೊಡ್ಡದಾದ ಅರಿಶಿಣ ಬಣ್ಣದ ಹಳದಿ ಪಾತರಗಿತ್ತಿ. ಹುಳ ಎಲೆಯ ಬಣ್ಣದಲ್ಲೇ ಇರುವುದರಿಂದ ಬೇಗ ಕಾಣುವುದಿಲ್ಲ. ತುರಚಿ ಬಳ್ಳಿ ಅಂದರೆ ಕೂಲಿ ಹೆಣ್ಣುಮಕ್ಕಳು ಬೈಯುತ್ತಾರೆ, ಮುಟ್ಟಿದರೆ ಮೈಯೆಲ್ಲಾ ಉರಿ. ಅದನ್ನೇ ತಿಂದು ಬೆಳೆಯುವ ಒಂದು ಕಿತ್ತಳೆ ಪಾತರಗಿತ್ತಿ ಇದೆ, ಮೇಲೆ ಕರಿ ಗೆರೆಗಳ ಚಿತ್ತಾರ. ಜೋಕರ್ ಅಂತ ಇಂಗ್ಲಿಷ್ ಹೆಸರು. ಮಳೆ ಹೆಚ್ಚಿರುವ ಮಲೆನಾಡಿನದಲ್ಲ, ನಮ್ಮಂಥ ಒಣ ಸೀಮೆಯದು. ಇದು ಕಂಡ ದಿನ ನನಗೆ ಸ್ವಲ್ಪ ಹೆಮ್ಮೆಯೂ ಆಯಿತು. ದೇಶದಲ್ಲಿ 1,300ಕ್ಕಿಂತ ಹೆಚ್ಚು ಜಾತಿ ಪಾತರಗಿತ್ತಿ ಇವೆ, ಮಾತು ಬಂದಾಗಲೆಲ್ಲಾ ಘಟ್ಟದ ಕಡೆಯವನ್ನೇ ಹೇಳುತ್ತಾರೆ. ನಮ್ಮ ಮುಳ್ಳುಕಂಟಿಗೂ ತನ್ನದೇ ಆದವು ಇವೆ.

ಬಾರಿ ಗಿಡದ ಹತ್ತಿರ ಅರ್ಧ ಗಂಟೆ ಕೂತೆ. ಎಲೆಯ ಮೇಲೆ ನಾಗರ ಗೀಟು ಎಳೆದಂತೆ ಸಣ್ಣ ಸಣ್ಣ ಬಿಳಿ ಗೆರೆ. ತಿರುವಿದರೆ ಹಸಿರು ಗೊಂಡೆಹುಳದಂಥ ಮರಿ, ಚಪ್ಪಟೆ, ಬೆರಳಿನ ಉಗುರಿಗಿಂತ ಚಿಕ್ಕದು. ಅದರ ಸುತ್ತ ಇರುವೆ. ಇರುವೆ ಅದನ್ನು ತಿನ್ನುತ್ತಿದೆ ಅಂದುಕೊಂಡೆ. ಹಾಗಲ್ಲ, ಕಾಯುತ್ತಿದ್ದವು. ಆ ಹುಳದ ಬೆನ್ನ ಹಿಂಭಾಗದಲ್ಲಿ ಸಿಹಿ ರಸ ಬರುವ ಒಂದು ಗ್ರಂಥಿ ಇದೆ. ಇರುವೆ ಮೀಸೆಯಿಂದ ತಟ್ಟಿದರೆ ಒಂದು ಹನಿ ಬಿಡುತ್ತದೆ. ಆ ಹನಿಯ ಆಸೆಗೆ ಇರುವೆ ಜೊತೆಗಿದ್ದು ಕಣಜ, ಜೇಡ ಬಂದರೆ ಓಡಿಸುತ್ತದೆ. ಎಮ್ಮೆ ಸಾಕಿದ ಹಾಗೆಯೇ. ಆ ಹುಳ ದೊಡ್ಡದಾದರೆ ಬಿಳಿಯ ಮೇಲೆ ಕರಿ ಚುಕ್ಕೆಯ ಪುಟ್ಟ ಪಾತರಗಿತ್ತಿ, ಕಾಮನ್ ಪಿಯರೊ. ಜಾಲಿ ಗಿಡದಲ್ಲೂ ಇಂಥದೇ ನೀಲಿ ಜಾತಿಯ ಒಂದು ಇದೆ. ಜಾಲಿ ಅಂದರೆ ನಮ್ಮ ನಾಡ ಕರಿಜಾಲಿ, ಬಳ್ಳಾರಿ ಜಾಲಿಯಲ್ಲ. ಬಳ್ಳಾರಿ ಜಾಲಿ ಹಬ್ಬಿದ ಹಳ್ಳದ ದಂಡೆಯಲ್ಲಿ ಎಷ್ಟು ಎಲೆ ತಿರುವಿದರೂ ನನಗೆ ಒಂದು ತತ್ತಿ ಸಿಗಲಿಲ್ಲ. ಅದರ ಬುಡದಲ್ಲಿ ಬೇರೆ ಗಿಡವೂ ಹುಟ್ಟುವುದಿಲ್ಲವಲ್ಲ.

ಹಳ್ಳಕ್ಕೆ ಇಳಿದರೆ ಬೇರೆಯೇ ನೋಟ. ಎತ್ತು ನೀರು ಕುಡಿದು ಗಂಜಲ ಹೊಯ್ದ ಹಸಿ ಉಸುಕಿನಲ್ಲಿ ಇಪ್ಪತ್ತು ಮೂವತ್ತು ಹಳದಿ, ಬಿಳಿ, ನೀಲಿ ಪಾತರಗಿತ್ತಿ ಒಟ್ಟಿಗೆ ಕೂತು ಹೀರುತ್ತಿದ್ದವು. ಬಾಯಾರಿಕೆಗೆ ಅಷ್ಟೇ ಅಲ್ಲ, ಉಪ್ಪಿಗಾಗಿ. ಹೀಗೆ ಕೂರುವವು ಹೆಚ್ಚಿನಂಶ ಗಂಡು. ಆ ಉಪ್ಪನ್ನು ಕೂಡುವಾಗ ಹೆಣ್ಣಿಗೆ ಕೊಡುತ್ತವೆ, ಅದು ತತ್ತಿಗೆ ಸೇರುತ್ತದೆ ಅಂತ ಓದಿದೆ. ನಮ್ಮ ದನಕ್ಕೆ ಉಪ್ಪಿನ ಗಡ್ಡೆ ನೆಕ್ಕಿಸುವುದು ನೆನಪಾಯಿತು. ಹಳ್ಳದ ದಂಡೆಯಲ್ಲಿ ಒಣಗಿದ ಚೇಳುಕೊಂಡಿ ಗಿಡಕ್ಕೆ ಎಕ್ಕಿ ಪಾತರಗಿತ್ತಿಯ ಗಂಡುಗಳು ಮುತ್ತಿದ್ದವು. ಒಣ ಕಡ್ಡಿಯಲ್ಲಿ ಏನಿದೆ? ಅದರಲ್ಲೂ ಒಂದು ಬಗೆಯ ವಿಷದ ಸತ್ವ ಇದೆ, ಅದನ್ನು ಹೀರಿ ಹೆಣ್ಣನ್ನು ಕರೆಯುವ ವಾಸನೆ ಮಾಡಿಕೊಳ್ಳುತ್ತವೆ. ಹಸಿರು ಗೊಬ್ಬರಕ್ಕೆ ಹಾಕುವ ಸೆಣಬಿನಲ್ಲೂ ಆ ಸತ್ವ ಇದೆ, ಅಲ್ಲೂ ಬರುತ್ತವೆ.

ಗುಡ್ಡದ ಮೇಲಿನ ಮುಳ್ಳು ಬಳ್ಳಿಗಳಲ್ಲಿ ಬಿಳಿ ರೆಕ್ಕೆಯ ತುದಿಗೆ ಕುಂಕುಮ ಹಚ್ಚಿದಂಥವು ಕಂಡವು. ಕಾಲಡಿ ಹರಿದ ಕಾಡು ನೀಲಿ ಗಿಡದಲ್ಲಿ ಗ್ರಾಸ್ ಜ್ಯುವೆಲ್ ಅನ್ನುವುದು ಕಂಡಿತು. ದೇಶದ ಅತಿ ಚಿಕ್ಕ ಪಾತರಗಿತ್ತಿಗಳಲ್ಲಿ ಅದೂ ಒಂದು, ತೊಗರಿ ಎಲೆಯ ಚೂರು ಗಾಳಿಗೆ ಹಾರಿದಂತೆ. ಹಾಸುಬಂಡೆಯ ಪಕ್ಕದ ಬೋಳು ನೆಲದಲ್ಲಿ ಹಳದಿ ಪ್ಯಾನ್ಸಿ, ನೀಲಿ ಪ್ಯಾನ್ಸಿ ರೆಕ್ಕೆ ಬಿಚ್ಚಿ ಕೂತಿದ್ದವು. ಅವುಗಳ ಹುಳಕ್ಕೆ ಊಟ ಮುಳ್ಳು ಗೋರಂಟಿಯಂಥ ಗಿಡ.

ರಾಯಚೂರಿಗೆ ಬೀಜದ ಕೆಲಸಕ್ಕೆ ಹೋದ ದಿನ ಬಸ್ಸಿಗೆ ಎರಡು ಗಂಟೆ ಇತ್ತು. 1294ರ ಶಿಲಾಶಾಸನ ಇರುವ ಹಳೇ ಕೋಟೆಯ ಗುಡ್ಡ ಹತ್ತಿದೆ. ಕೆಳಗೆ ಊರಿನ ಗದ್ದಲ, ಮೇಲೆ ಬಾಲಾ ಹಿಸಾರಿನ ಗೋಡೆಯ ಹತ್ತಿರ ನಿಂಬೆ ಪಾತರಗಿತ್ತಿಗಳು ಒಂದನ್ನೊಂದು ಅಟ್ಟಿಕೊಂಡು ಸುತ್ತುತ್ತಿದ್ದವು. ಆ ಬಂಡೆಯ ಮೇಲೆ ನಿಂಬೆ ಗಿಡ ಎಲ್ಲಿಯದು? ಹೆಣ್ಣು ಹುಡುಕುವುದು ಕಷ್ಟವಾದ ಬಯಲು ಸೀಮೆಯಲ್ಲಿ ಗಂಡುಗಳು ಸುತ್ತಲಿನ ಎತ್ತರದ ಗುಡ್ಡದ ತುದಿಗೆ ಹೋಗಿ ಕಾಯುತ್ತವೆ, ಹೆಣ್ಣು ಅಲ್ಲಿಗೆ ಬರುತ್ತದೆ. ಜಾತ್ರೆಯಲ್ಲಿ ಕನ್ಯಾ ನೋಡಿದ ಹಾಗೆ. ಇದರ ಹುಳ ಊರಿನೊಳಗಿನ ಮನೆಗಳ ಕರಿಬೇವಿನಲ್ಲಿ, ನಿಂಬೆಯಲ್ಲಿ, ಗುಡಿಯ ಬಿಲ್ವಪತ್ರೆಯಲ್ಲಿ ಬೆಳೆದಿರುತ್ತದೆ. ಮರಿಯಿದ್ದಾಗ ಹಕ್ಕಿ ಹಿಕ್ಕೆಯಂತೆ ಕಾಣುತ್ತದೆ, ಬಲಿತರೆ ಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವೆಗೋಲು ಹೊರಗೆ ಹಾಕಿ ವಾಸನೆ ಬಿಡುತ್ತದೆ.

ಅಲ್ಲಿಂದ ಎರಡು ದಿನಕ್ಕೆ ಮಾನ್ವಿ ತಾಲೂಕಿನ ನಮ್ಮ ಬೀಗರ ಊರಿಗೆ ಹೋಗುವ ಪ್ರಸಂಗ ಬಂತು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಭತ್ತದ ಸೀಮೆ. ನೀರು, ಹಸಿರು, ತಂಪು; ಇಲ್ಲಿ ಪಾತರಗಿತ್ತಿ ಹೆಚ್ಚು ಇರಬೇಕು ಅಂದುಕೊಂಡಿದ್ದೆ. ಬೀಗರ ಜೊತೆ ಒಂಬತ್ತು ಗಂಟೆಗೆ ಗದ್ದೆಯ ಬದುವಿನ ಮೇಲೆ ಒಂದು ತಾಸು ನಡೆದೆ. ಹಾರುವುದೆಲ್ಲಾ ಏರೋಪ್ಲೇನ್ ಚಿಟ್ಟೆ, ಪಾತರಗಿತ್ತಿ ಬೆರಳೆಣಿಕೆ. ಬದು ಒಂದು ಗೇಣು ಅಗಲ, ಅದಕ್ಕೂ ಹುಲ್ಲಿನ ಎಣ್ಣೆ ಹೊಡೆದು ಕೆಂಪಗಾಗಿತ್ತು. ಸಂಜೆ ಮಬ್ಬಿನಲ್ಲಿ ಒಣ ಎಲೆಯ ಬಣ್ಣದ ಒಂದು ಜಾತಿ ಹಾರಿತು. ಅದರ ಹುಳ ಭತ್ತದ ಎಲೆ ತಿನ್ನುತ್ತದೆ. ಆದರೆ ಬೀಗರು ಎಣ್ಣೆ ಹೊಡೆದದ್ದು ಅದಕ್ಕಲ್ಲ, ಎಲೆ ಸುರುಳಿ ಹುಳಕ್ಕೆ, ಅದು ಪತಂಗ. “ನಿಮ್ಮ ಒಣ ಗುಡ್ಡದಾಗ ಏನೈತ್ರಿ ಬೀಗರ, ಕಲ್ಲು” ಅಂತ ಸದಾ ಆಡಿಕೊಳ್ಳುವವರು ಅವರು. ಅವತ್ತು ನಾನು ಸುಮ್ಮನಿದ್ದೆ. ಎಕರೆಗೆ ಮೂವತ್ತು ಚೀಲ ಬೆಳೆಯುವವರ ಮುಂದೆ ಪಾತರಗಿತ್ತಿಯ ಲೆಕ್ಕ ಹೇಳಿದರೆ ಸೋತವನ ಮಾತಾಗುತ್ತದೆ.

ಇಲ್ಲಿ ನಾನು ಹೆಚ್ಚು ಹೇಳಬಾರದು. ಪಾತರಗಿತ್ತಿ ಇದ್ದರೆ ಇಳುವರಿ ಏರುತ್ತದೆ ಅಂತ ನಾನು ಹೇಳುವುದಿಲ್ಲ. ತೊಗರಿ ಹೂವಿನಿಂದ ಹೂವಿಗೆ ಪರಾಗ ಒಯ್ಯುವುದು ಹೆಜ್ಜೇನು, ಎಲೆ ಕತ್ತರಿಸುವ ಒಂಟಿ ಜೇನು, ಇಂಥವು. ಪಾತರಗಿತ್ತಿಯ ಪಾಲು ಕಡಿಮೆ. ತೊಗರಿಗೆ ತೊಂದರೆ ಕೊಡುವ ಪಾತರಗಿತ್ತಿಯೂ ಇದೆ. ಪೀ ಬ್ಲೂ ಅಂತ, ನೇರಳೆ ನೀಲಿ, ಹಿಂದಿನ ರೆಕ್ಕೆಗೆ ಕೂದಲಿನಂಥ ಬಾಲ, ಬಾಲದ ಬುಡಕ್ಕೆ ಎರಡು ಕರಿ ಚುಕ್ಕೆ. ಮೊಗ್ಗಿನ ಮೇಲೆ ತತ್ತಿ ಇಡುತ್ತದೆ, ಹುಳ ಹೂವು, ಕಾಯಿ ಕೊರೆಯುತ್ತದೆ. ಅಲಸಂದಿ, ಅವರೆಗೂ ಬರುತ್ತದೆ. ಕಾರ್ತಿಕದಲ್ಲಿ ನನ್ನ ತೊಗರಿಯಲ್ಲಿ ಸಿಕ್ಕಿತು. ಆದರೆ ಹಸಿರು ಕಾಯಿಕೊರಕ ಮಾಡುವ ಹಾನಿಯ ಮುಂದೆ ಅದು ಲೆಕ್ಕಕ್ಕಿಲ್ಲ. ನಿಂಬೆಯ ಸಸಿ ಮಡಿ ಇರುವವರಿಗೆ ನಿಂಬೆ ಪಾತರಗಿತ್ತಿ ಪೀಡೆಯೇ, ಎಳೆ ಸಸಿಯನ್ನು ಬೋಳು ಮಾಡುತ್ತದೆ. ಕೈಯಲ್ಲಿ ಆರಿಸಿದರೆ ಮುಗಿಯಿತು. ಔಡಲದಲ್ಲಿ ಎರಡು ಇವೆ: ಮೈತುಂಬ ಮುಳ್ಳಿರುವ ಹಸಿರು ಹುಳ ಪಾತರಗಿತ್ತಿಯದು, ಗಿಡಕ್ಕೆ ಒಂದೋ ಎರಡೋ. ಡೊಂಕಾಗಿ ಗೇಣು ಹಾಕುತ್ತಾ ನಡೆಯುವ ನುಣ್ಣನೆಯದು ಪತಂಗದ್ದು, ಎಲೆಯನ್ನು ಬರಿ ನಾರು ಮಾಡುವುದು ಅದೇ.

ಒಡ್ಡಿನ ಗಿಡದಿಂದ ಹೊಲಕ್ಕೆ ಆಗುವ ಉಪಕಾರ ಬೇರೆ ದಾರಿಯಲ್ಲಿ ಬರುತ್ತದೆ. ಟ್ರೈಕೋಗ್ರಾಮಾ ಕಾರ್ಡು ತಂದು ಹತ್ತಿಗೆ ಕಟ್ಟಿದವರಿಗೆ ಗೊತ್ತು. ಆ ಧೂಳಿನ ಕಣದಷ್ಟು ಚಿಕ್ಕ ಕಣಜ ಕಾಯಿಕೊರಕದ ತತ್ತಿಯೊಳಗೆ ತನ್ನ ತತ್ತಿ ಇಟ್ಟು ಅದನ್ನು ಕೊಲ್ಲುತ್ತದೆ. ಅದೇ ಕಣಜ ಪಾತರಗಿತ್ತಿಗಳ ತತ್ತಿಯಲ್ಲೂ ಬೆಳೆಯಬಲ್ಲದು. ಹೊಲದಲ್ಲಿ ಕಾಯಿಕೊರಕ ಇಲ್ಲದ ದಿನಗಳಲ್ಲಿ ಅದಕ್ಕೆ ಎಲ್ಲಾದರೂ ಮನೆ ಬೇಕಲ್ಲ. ಹೂವಿನ ರಸವೂ ಬೇಕು. ಒಡ್ಡು ಬೋಳಾದರೆ ಎರಡೂ ಇಲ್ಲ. ಬಿಟಿ ಹತ್ತಿ 2002ರಲ್ಲಿ ಬಂದಾಗ ಇನ್ನು ಎಣ್ಣೆ ಬೇಡ ಅಂದಿದ್ದರು, ಗುಲಾಬಿ ಕಾಯಿಕೊರಕ ಮತ್ತೆ ಬಂತು, ಪಂಪು ಮತ್ತೆ ಬೆನ್ನಿಗೆ ಏರಿತು.

ಹದಿನೈದನೇ ದಿನ ಪಕ್ಕದ ಹೊಲದವನನ್ನು ಒಡ್ಡಿಗೆ ಕರೆದೆ. ಎರಡೂ ಬಾಟ್ಲಿ ತೋರಿಸಿದೆ. ಒಂದರಲ್ಲಿ ತೂತಿಲ್ಲದ ಒಣ ಹತ್ತಿ ಎಲೆ, ಇನ್ನೊಂದರಲ್ಲಿ ಎಲ್ಲಾ ತಿಂದ ಅವನ ಹೊಲದ್ದೇ ಹುಳ. ಕೋಶದ ಖಾಲಿ ಸಿಪ್ಪೆಯನ್ನೂ ಇಟ್ಟಿದ್ದೆ. ತಿರುವಿ ತಿರುವಿ ನೋಡಿದ. ಒಪ್ಪಿದ ಅಂದುಕೊಂಡರೆ, “ಹುಳದ ಮಾತು ಸರಿ ಕಾಕಾ. ಹಂಗಾರ ಇದೇನು?” ಅಂತ ಒಡ್ಡಿನ ಆ ತುದಿಗೆ ಕರೆದುಕೊಂಡು ಹೋಗಿ ಒಂದು ತುತ್ತಿ ಗಿಡ ಬಗ್ಗಿಸಿ ತೋರಿಸಿದ. ಎಲೆಯ ಬುಡಕ್ಕೆ ಹತ್ತಿಯಂತೆ ಬಿಳಿ ಹಿಟ್ಟು ತಿಗಣೆ, ಕಾಯಿಯೊಳಗೆ ಕೆಂಪು ತಿಗಣೆ.

ಅದು ಅವನ ಸರಿ. ತುತ್ತಿ, ಹತ್ತಿ, ಬೆಂಡೆ ಒಂದೇ ಕುಲ. ಹತ್ತಿಯ ಹಿಟ್ಟು ತಿಗಣೆ, ಬಿಳಿ ನೊಣ, ಚುಕ್ಕೆ ಕಾಯಿಕೊರಕ ಎಲ್ಲವೂ ತುತ್ತಿಯಲ್ಲಿ ಬದುಕುತ್ತವೆ. ಹಿಟ್ಟು ತಿಗಣೆಗೆ ಪಾರ್ಥೇನಿಯಂ ಕೂಡ ಆಗುತ್ತದೆ. ನಾನು ಪಾತರಗಿತ್ತಿ ಹುಡುಕುವ ಭರದಲ್ಲಿ ಆ ತುದಿಯನ್ನು ಸರಿಯಾಗಿ ನೋಡಿರಲಿಲ್ಲ. ಎಕ್ಕಿಗೂ ಹಳದಿ ಹೇನು ಹತ್ತಿರುತ್ತದೆ. ಅದು ಎಕ್ಕಿ, 
ಕಣಗಿಲೆಯಂಥ ಹಾಲಿನ ಗಿಡಗಳದು, ಹತ್ತಿಯ ಹೇನು ಅದಲ್ಲ. ಬಣ್ಣ ನೋಡಿದರೆ ತಿಳಿಯುತ್ತದೆ, ಎಕ್ಕಿಯದು ಕಡು ಹಳದಿ, ಕಾಲು ಕಪ್ಪು.

ಅಲ್ಲೇ ಕೂತು ಗಿಡ ಗಿಡಕ್ಕೂ ಮಾತಾಡಿಕೊಂಡೆವು. ತುತ್ತಿ, ಪಾರ್ಥೇನಿಯಂ, ಕಾಡು ಬೆಂಡೆ ಹೂ ಬಿಡುವ ಮುಂಚೆ ಬೇರು ಸಹಿತ ಕೀಳುವುದು, ಇಬ್ಬರ ಮನೆಯಿಂದಲೂ ಒಬ್ಬೊಬ್ಬ ಆಳು. ಎಕ್ಕಿ, ತಂಗಡಿ, ಬಾರಿ, ತಗಚಿ ಇರಲಿ. ತುರಚಿ ಬಳ್ಳಿಯನ್ನು ದಾರಿಯ ಕಡೆ ಮಾತ್ರ ಕೊಯ್ಯುವುದು, ಒಳಗಿನದು ಇರಲಿ. ಹುಲ್ಲಿನ ಎಣ್ಣೆ ಒಡ್ಡಿಗೆ ಬೇಡ. ಹತ್ತಿಗೆ ಎಣ್ಣೆ ಹೊಡೆಯುವ ದಿನ ಗಾಳಿ ಒಡ್ಡಿನ ಕಡೆ ಬೀಸುತ್ತಿದ್ದರೆ ಮರುದಿನ ಹೊಡೆಯುವುದು. ಕೊನೆಯದಕ್ಕೆ ಅವನು ಬೇಗ ಒಪ್ಪಲಿಲ್ಲ, ಬಾಡಿಗೆ ಪಂಪು ಒಂದು ದಿನ ಕಾಯುವುದಿಲ್ಲ ಅಂದ. ನನ್ನ ಪಂಪು ಕೊಡುತ್ತೇನೆ ಅಂದ ಮೇಲೆ ಹೂಂ ಅಂದ.

ಸಂಜೆಯತನಕ ಇಬ್ಬರೂ ಸೇರಿ ತುತ್ತಿ ಕಿತ್ತೆವು. ಎರಡು ಗುಂಪಿ ಆಯಿತು, ಒಣಗಿಸಿ ಸುಟ್ಟೆವು. ಈ ವರ್ಷ ಮಿರಗದ ಮಳೆಗೆ ಎಕ್ಕಿ ಚಿಗುರಿದೆ. ಮೊನ್ನೆ ಅವನೇ ಹೊಲದಿಂದ ಕೂಗಿದ, ಎಲೆಯ ಕೆಳಗೆ ಬಿಳಿ ತತ್ತಿ ಇಟ್ಟಾವ ಬಾ ಅಂತ.